ತಡೆಗೋಡೆ ಹಸಿರಾದರೆ ಹಳ್ಳ ಬದುಕಿತೇ?

“ಹಾವಸೆ ಸಸ್ಯಗಳನ್ನು ಸಸ್ಯಲೋಕದ ಉಭಯಚರಗಳು ಎಂದು ಕರೆಯಲು ಕಾರಣವೇನು?” ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಈ ಪ್ರಶ್ನೆ ಮರೆತಿರಲಿಕ್ಕಿಲ್ಲ. ನೆಲ, ಕಲ್ಲು, ಗೋಡೆಗಳ ಮೇಲೆ ಹಸಿರು ಮಖಮಲ್ಲಿನಂತೆ ಬೆಳೆದರೂ ಸಂತಾನೋತ್ಪತ್ತಿಗೆ ಅವುಗಳಿಗೆ ನೀರು ಬೇಕೇ ಬೇಕು ಎಂದು ಬರೆದರೆ ಅಂಕ ಸಿಗುತ್ತಿತ್ತು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಉತ್ತರ ಕನ್ನಡದಲ್ಲಿ ಕುಳಿತು ಆ ಹೋಲಿಕೆಯನ್ನು ತುಸು ಗಂಭೀರವಾಗಿ ತೆಗೆದುಕೊಂಡರೆ, ಪಠ್ಯಪುಸ್ತಕ ಕೇಳದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಕಪ್ಪೆಗೂ ಹಾವಸೆಗೂ ನೀರಿನ ಹಂಗು ಒಂದೇ ಬಗೆಯದಾಗಿದ್ದರೆ, ಆಷಾಢ ಬಂತೆಂದರೆ ಹಾವಸೆ ಕಾರವಾರದಿಂದ ಶಿರಸಿಯವರೆಗಿನ ಪ್ರತಿಯೊಂದು ಚಿರೇಕಲ್ಲಿನ ಗೋಡೆಯನ್ನೂ ಹೊದೆಯುತ್ತಿರುವಾಗ, ಕಪ್ಪೆಗಳು ಮಾತ್ರ ಒಂದೊಂದಾಗಿ ಅಳಿವಿನಂಚಿನ ಪಟ್ಟಿಗೆ ಸೇರುತ್ತಿರುವುದೇಕೆ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪುಸ್ತಕದಿಂದಲ್ಲ, ದೇವಿಮನೆ ಘಟ್ಟದ ರಸ್ತೆಯಂಚಿನ ಒಂದು ಧರೆಯಿಂದ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಬದಿಯಿಂದ. ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ಅಲ್ಲಲ್ಲಿ ಬಂಡೆ ಕಡಿದ ಜಾಗದಲ್ಲಿ ಸದಾ ನೀರು ಒಸರುತ್ತಿರುತ್ತದೆ. ಅದು ಹರಿಯುವ ನೀರಲ್ಲ. ಕಲ್ಲಿನ ಮೇಲೆ ಎಣ್ಣೆ ಸವರಿದಷ್ಟು ತೆಳ್ಳಗಿನ ಒಂದು ಪೊರೆ. ಆ ಪೊರೆಯಡಿ ಹಾವಸೆ ದಟ್ಟವಾಗಿ ಹಬ್ಬಿರುತ್ತದೆ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಅದರ ನಡುವೆ ಕಂದು ಬಣ್ಣದ ಸಣ್ಣ ಹುಳುಗಳಂಥವು ಮಿಸುಕುತ್ತವೆ, ಬೆರಳು ಹತ್ತಿರ ಒಯ್ದರೆ ಚಿಮ್ಮಿ ಒಂದು ಗೇಣು ಆಚೆ ಹೋಗಿ ಅಂಟಿಕೊಳ್ಳುತ್ತವೆ. ಅವು ಹುಳುಗಳಲ್ಲ, ಇಂಡಿರಾನಾ ಕುಲದ ಜಿಗಿಕಪ್ಪೆಗಳ ಗೊದಮೊಟ್ಟೆಗಳು. ಕೆರೆ, ಹೊಂಡಗಳ ಗೊದಮೊಟ್ಟೆಗಳಂತೆ ಇವು ಈಜುವುದಿಲ್ಲ. ನೀಳವಾದ ಬಾಲವನ್ನೂ ಬೇಗನೆ ಮೂಡುವ ಹಿಂಗಾಲುಗಳನ್ನೂ ಬಳಸಿ ಒದ್ದೆ ಬಂಡೆಯ ಮೇಲೆಯೇ ತೆವಳುತ್ತ, ಕಲ್ಲಿಗಂಟಿದ ಪಾಚಿಯ ಲೋಳೆಯನ್ನು ಕೆರೆದು ತಿನ್ನುತ್ತ ದೊಡ್ಡವಾಗುತ್ತವೆ. ಸಸ್ಯಲೋಕದ ಉಭಯಚರವೂ ಪ್ರಾಣಿಲೋಕದ ಉಭಯಚರವೂ ಮಿಲಿಮೀಟರ್ ದಪ್ಪದ ಒಂದೇ ನೀರಿನ ಪೊರೆಯಲ್ಲಿ ಬದುಕುವುದನ್ನು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಇವೆರಡರ ಸಾಮ್ಯ ಪಠ್ಯಪುಸ್ತಕ ಹೇಳುವುದಕ್ಕಿಂತ ಆಳವಾದದ್ದು. ಹಾವಸೆಗೆ ನಿಜವಾದ ಬೇರಿಲ್ಲ. ನೆಲದಿಂದ ನೀರು ಹೀರಿ ಎಲೆಗೆ ಮುಟ್ಟಿಸುವ ಕೊಳವೆಗಳ ವ್ಯವಸ್ಥೆಯೂ ಇಲ್ಲ. ಅದರ ಎಲೆ ಬಹುತೇಕ ಒಂದೇ ಜೀವಕೋಶದಷ್ಟು ದಪ್ಪ. ನೀರು, ಲವಣ, ಗಾಳಿಯಲ್ಲಿನ ಧೂಳು ಎಲ್ಲವೂ ಮೈಮೇಲಿಂದಲೇ ಒಳಗೆ ಹೋಗಬೇಕು. ಕಪ್ಪೆಯೂ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದ ಮೂಲಕ ಹೀರುತ್ತದೆ, ಉಸಿರಾಟದ ಒಂದು ಪಾಲನ್ನೂ ಚರ್ಮದಿಂದಲೇ ನಡೆಸುತ್ತದೆ. ಹಾವಸೆಯ ಗಂಡು ಕೋಶಕ್ಕೆ ಎರಡು ಚಾವಟಿಗಳಿದ್ದು ಅದು ಅಂಡವಿರುವಲ್ಲಿಗೆ ನೀರಿನಲ್ಲಿ ಈಜಿಯೇ ಸೇರಬೇಕು. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ, ತೇವ ತಪ್ಪಿದರೆ ಒಣಗಿ ಹೋಗುತ್ತದೆ. ಇಬ್ಬರಿಗೂ ಸಮುದ್ರ ಆಗದು. ಸಮುದ್ರದ ನೀರಿನಲ್ಲಿ ಬೆಳೆಯುವ ಹಾವಸೆಯೇ ಇಲ್ಲ, ಉಪ್ಪುನೀರು ತಾಳುವ ಕಪ್ಪೆಗಳು ಜಗತ್ತಿನಲ್ಲಿ ತೀರ ಕಡಿಮೆ. ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಟ ಅಘನಾಶಿನಿ ಕುಮಟಾದ ಬಳಿ ಉಪ್ಪಾಗುವ ಹೊತ್ತಿಗೆ ಇಬ್ಬರನ್ನೂ ಹಿಂದೆ ಬಿಟ್ಟಿರುತ್ತದೆ. ಆ ನದಿಯ ಅಳಿವೆ 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳಿಗೆ ಸಲ್ಲುವ ರಾಮ್ಸರ್ ತಾಣವಾಗಿ ಹೆಸರು ಪಡೆದದ್ದು ಸಂತೋಷದ ಸಂಗತಿಯೇ. ಆದರೆ ಕಪ್ಪೆಯ ಕಥೆ ನಡೆಯುವುದು ಅಳಿವೆಯಲ್ಲಲ್ಲ, ಅದಕ್ಕೆ ನೀರು ಕಳಿಸುವ ಮೇಲಿನ ಕಾನುಗಳಲ್ಲಿ, ಅಂದರೆ ದಟ್ಟ ಕಾಡುಗಳಲ್ಲಿ.

ಕನ್ನಡದಲ್ಲಿ ಈ ಸಸ್ಯದ ಬಗ್ಗೆ ಬರೆಯುವವರಿಗೆ ಒಂದು ತೊಡಕಿದೆ. ಬಾವಿಕಟ್ಟೆಯ ಮೇಲೆ ಜಾರಿಸುವ ಹಸಿರು ಲೋಳೆಯೂ ಪಾಚಿಯೇ, ಕಲ್ಲಿನ ಮೇಲಿನ ಮಖಮಲ್ಲೂ ಪಾಚಿಯೇ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸುವುದು, ಈಗೀಗ ಬ್ಲೀಚಿಂಗ್ ಪುಡಿ ಎರಚುವುದು ಎರಡಕ್ಕೂ ಹೆದರಿಯೇ. ಲೋಳೆ ಶೈವಲ (ಆಲ್ಗಿ), ಮಖಮಲ್ಲು ಹಾವಸೆ (ಮಾಸ್). ಹೊರಗಿನ ಬರಹಗಳಲ್ಲಿ ಜೌಗಿನ ಹಾವಸೆ ಎಂದರೆ ಸ್ಫ್ಯಾಗ್ನಮ್ ಎಂದೇ ಅರ್ಥ. ತನ್ನ ಒಣತೂಕದ ಹದಿನೈದು ಇಪ್ಪತ್ತು ಪಟ್ಟು ನೀರು ಹಿಡಿಯುವ ಆ ಸಸ್ಯ ತಂಪು ದೇಶಗಳ ಜೌಗುಗಳನ್ನೇ ಕಟ್ಟಿದೆ. ನಮ್ಮಲ್ಲಿ ಆರ್ಕಿಡ್ ಬೆಳೆಸುವವರ ಕುಂಡಗಳಿಗೆ ಅದು ಚೀಲದಲ್ಲಿ ಬರುತ್ತದೆ. ನಮ್ಮ ಕರಾವಳಿಯ ಹಾವಸೆಗೆ ಉದಾಹರಣೆ ಬೇಕೆಂದರೆ ಹಯೋಫಿಲಾ ಇನ್ವೊಲ್ಯೂಟಾ ಹೆಚ್ಚು ಸೂಕ್ತ. ಹಳ್ಳದಂಚಿನ ಬಂಡೆ, ಚಿರೇಕಲ್ಲಿನ ಗೋಡೆ, ಮೋರಿಯ ಸಿಮೆಂಟು ಎಲ್ಲವೂ ಅದಕ್ಕೆ ಒಗ್ಗುತ್ತವೆ. ಹೆಸರಿನ ಎರಡನೆಯ ಭಾಗದ ಅರ್ಥ ಒಳಮಡಚಿದ್ದು ಎಂದು. ಒಣಗಿದಾಗ ಅದರ ಎಲೆಗಳು ಅಂಚಿನಿಂದ ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ, ಇಡೀ ಸಸ್ಯ ಕಲ್ಲಿನ ಮೇಲಿನ ಕಪ್ಪು ಹೊಪ್ಪಳೆಯಂತೆ ಕಾಣುತ್ತದೆ. ಮಾರ್ಚ್ ತಿಂಗಳಲ್ಲಿ ಅಂಥ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಕಾಯುತ್ತ ನಿಂತರೆ, ಕವಳ ಹಾಕಿ ಮುಗಿಯುವುದರೊಳಗೆ ಎಲೆಗಳು ಬಿಚ್ಚಿ ಕಲ್ಲು ಹಸಿರಾಗಿರುತ್ತದೆ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಆ ಚೊಂಬು ನೀರಿನಲ್ಲೇ. ಹಾವಸೆಗೆ ನೀರು ಬೇಕು ನಿಜ, ಆದರೆ ನೀರು ಇಲ್ಲದಾಗ ಅದು ಸಾಯುವುದಿಲ್ಲ. ಬದುಕುವುದನ್ನೇ ನಿಲ್ಲಿಸಿ ಕಾಯುತ್ತದೆ. ಜೀವಕೋಶದ ನೀರೆಲ್ಲ ಆರಿ ಸುತ್ತಲಿನ ಗಾಳಿಯಷ್ಟೇ ಒಣಗಿದರೂ ಒಳಗಿನ ಯಂತ್ರ ಕೆಡದಂತೆ ಕಟ್ಟಿಟ್ಟುಕೊಳ್ಳುವ ಕಲೆ ಅನೇಕ ಹಾವಸೆಗಳಿಗೆ ಸಿದ್ಧಿಸಿದೆ. ಅಂಟಾರ್ಕ್ಟಿಕ್ ವಲಯದ ಸಿಗ್ನಿ ದ್ವೀಪದಲ್ಲಿ ಹಿಮದಡಿ 1500 ವರ್ಷಗಳಿಗೂ ಹೆಚ್ಚು ಕಾಲ ಹೆಪ್ಪುಗಟ್ಟಿದ್ದ ಹಾವಸೆಯೊಂದು ಪ್ರಯೋಗಾಲಯದಲ್ಲಿ ಮತ್ತೆ ಚಿಗುರಿದ್ದನ್ನು 2014ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ನಮ್ಮ ಗೋಡೆಯ ಹಾವಸೆ ಕಾಯಬೇಕಾದದ್ದು ದೀಪಾವಳಿಯಿಂದ ರೋಹಿಣಿ ಮಳೆಯವರೆಗೆ ಅಷ್ಟೇ.

ಕಪ್ಪೆಗೆ ಈ ಸವಲತ್ತಿಲ್ಲ. ಮಲಬಾರ್ ಮರಗಪ್ಪೆಯನ್ನೇ ನೋಡಬಹುದು. ಜಗತ್ತಿನಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ, ನಮ್ಮ ಜಿಲ್ಲೆಯ ನಿತ್ಯಹರಿದ್ವರ್ಣ ಕಾಡುಗಳಲ್ಲೂ ಇರುವ ಇದು ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಜೀವಿ. ಹೆಸರಿಗೆ ಮರಗಪ್ಪೆಯಾದರೂ ವಂಶದಿಂದ ಇದು ನೆಲಗಪ್ಪೆ, ಅಂದರೆ ಮನೆಯ ಮೂಲೆಯಲ್ಲಿ ಕೂರುವ ಒರಟು ಮೈಯ ಕಪ್ಪೆಯ ಸಂಬಂಧಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2004ರಲ್ಲಿ ಇದನ್ನು ಅಪಾಯಕ್ಕೆ ಸಿಲುಕಿದ ಪ್ರಭೇದಗಳ ಸಾಲಿನಲ್ಲಿ ಇಟ್ಟಿತು. ವರ್ಷದ ಬಹುಪಾಲು ಮರದ ಮೇಲೆ, ಪೊಟರೆಗಳಲ್ಲಿ ಯಾರ ಕಣ್ಣಿಗೂ ಬೀಳದೆ ಇರುವ ಈ ಕಪ್ಪೆ ಮುಂಗಾರಿನ ಮೊದಲ ಮಳೆಗಳಿಗೆ ಹಳ್ಳದಂಚಿಗೆ ಬರುತ್ತದೆ. ಗಂಡುಗಳು ಗಿಡಗಳ ಮೇಲೆ ಕುಳಿತು ಮುಸ್ಸಂಜೆಯಿಂದ ಕೂಗುತ್ತವೆ. ದೊಡ್ಡ ಮೈಯ ಹೆಣ್ಣು ಗಂಡನ್ನು ಬೆನ್ನ ಮೇಲೆ ಹೊತ್ತು ಇಳಿದು ಹಳ್ಳದ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಇದೆಲ್ಲ ಕೆಲವೇ ದಿನಗಳ ಸಂಭ್ರಮ. ಆಮೇಲೆ ಕಾಡು ಆ ದನಿಯ ಮಟ್ಟಿಗೆ ಮುಂದಿನ ವರ್ಷದವರೆಗೂ ಮೌನ.

ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಮೊದಲ ಮಳೆಯನ್ನು ನಂಬಿ ಇಟ್ಟ ಮೊಟ್ಟೆ ಗೊದಮೊಟ್ಟೆಯಾಗಿ, ಗೊದಮೊಟ್ಟೆಗೆ ಕಾಲು ಮೂಡಿ ದಡ ಹತ್ತುವವರೆಗಿನ ವಾರಗಳಲ್ಲಿ ಹಳ್ಳದ ಹರಿವು ಕಡಿಯಬಾರದು. ರೋಹಿಣಿ ಮಳೆ ಜೋರಾಗಿ ಬಂದು ಮೃಗಶಿರಾ ಕೈಕೊಟ್ಟರೆ ಹಾವಸೆ ಸುರುಳಿ ಸುತ್ತಿಕೊಂಡು ಆರಿದ್ರಾ ಮಳೆಗೆ ಕಾಯುತ್ತದೆ, ಗೊದಮೊಟ್ಟೆ ಒಣಗಿದ ಕಲ್ಲುಗಳ ನಡುವೆ ಸಾಯುತ್ತದೆ. ಮಳೆಯ ಒಟ್ಟು ಮೊತ್ತ ಎರಡು ವರ್ಷಗಳಲ್ಲೂ ಒಂದೇ ಇರಬಹುದು. ಹಾವಸೆಗೆ ಮೊತ್ತ ಸಾಕು, ಕಪ್ಪೆಗೆ ಸರತಿಯೂ ಬೇಕು. ಈಚಿನ ವರ್ಷಗಳಲ್ಲಿ ಕೆಟ್ಟಿರುವುದು ಸರತಿಯೇ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, ಆ ವರ್ಷದ ಆಗಸ್ಟ್ ದೇಶದ ಮಟ್ಟಿಗೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. 2025ರಲ್ಲಿ ಅದೇ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತು. ನಾವು ಬಿತ್ತನೆಯನ್ನು ಎರಡು ವಾರ ಹಿಂದೆ ಮುಂದೆ ಮಾಡಬಹುದು. ಮರದ ಮೇಲಿನ ಕಪ್ಪೆಗೆ ಹವಾಮಾನ ಇಲಾಖೆಯ ಮುನ್ಸೂಚನೆ ತಲುಪುವುದಿಲ್ಲ.

ಜಗತ್ತಿನ ಉಭಯಚರಗಳ ಎರಡನೆಯ ಸಮಗ್ರ ಮೌಲ್ಯಮಾಪನ 2023ರಲ್ಲಿ ಪ್ರಕಟವಾಯಿತು. ಪರಿಶೀಲಿಸಿದ 8,011 ಪ್ರಭೇದಗಳಲ್ಲಿ ಶೇ. 40.7ರಷ್ಟು ಅಪಾಯದಲ್ಲಿವೆ ಎಂಬುದು ಅದರ ತೀರ್ಮಾನ. ಕಶೇರುಕಗಳಲ್ಲಿ ಇಷ್ಟು ಕೆಟ್ಟ ಸ್ಥಿತಿ ಬೇರೆ ಯಾವ ವರ್ಗಕ್ಕೂ ಇಲ್ಲ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಕಾರಣಗಳ ಪಲ್ಲಟ. 2004ಕ್ಕೆ ಹಿಂದಿನ ಕುಸಿತಕ್ಕೆ ರೋಗ ಮತ್ತು ಆವಾಸನಾಶ ಮುಖ್ಯ ಕಾರಣಗಳಾಗಿದ್ದರೆ, ಅನಂತರ ಸ್ಥಿತಿ ಹದಗೆಟ್ಟ ಪ್ರಭೇದಗಳಲ್ಲಿ ಶೇ. 39ರಷ್ಟಕ್ಕೆ ಹವಾಮಾನ ಬದಲಾವಣೆಯೇ ಪ್ರಧಾನ ಕಾರಣ ಎಂದು ಆ ಅಧ್ಯಯನ ಹೇಳುತ್ತದೆ. ಬೇರೆ ಖಂಡಗಳಲ್ಲಿ ಕಪ್ಪೆಗಳ ಹೆಣ ಬೀಳಿಸಿದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮಘಟ್ಟದಲ್ಲೂ ಪತ್ತೆಯಾಗಿದೆಯಾದರೂ ಅಂಥ ಸಾಮೂಹಿಕ ಸಾವು ಇಲ್ಲಿ ವರದಿಯಾಗಿಲ್ಲ. ನಮ್ಮ ಕಪ್ಪೆಗಳ ಚಿಂತೆ ಸದ್ಯಕ್ಕೆ ನೀರಿನದೇ.

ನೀರು ಎಂದಾಗ ಕತ್ತಲೆಕಾನಿನ ಮಾತು ಬಾರದಿರದು. ಸಿದ್ದಾಪುರ ತಾಲ್ಲೂಕಿನ ಈ ಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ಮರಗಳ ಬೇರು ಮೊಣಕಾಲು ಮಡಚಿದಂತೆ ಕೆಸರಿನಿಂದ ಮೇಲೆದ್ದು ಉಸಿರಾಡುವ, ಬೇಸಿಗೆಯಲ್ಲೂ ತೇವ ಆರದ ಕಾಡಿನ ಜೌಗು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇಲ್ಲಿಂದ ಹೊಸ ಕಪ್ಪೆಯೊಂದನ್ನು ವಿವರಿಸಿ ಅದಕ್ಕೆ ಕುಂಬಾರ ಎಂದೇ ಹೆಸರಿಟ್ಟರು. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಕಡ್ಡಿಯ ಮೇಲೋ ಬೇರಿನ ಮೇಲೋ ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಕೆಸರಿನ ಲೇಪ ಮೊಟ್ಟೆ ಒಣಗದಂತೆ ಕಾಯುತ್ತದೆ, ಬಹುಶಃ ವೈರಿಗಳ ಕಣ್ಣಿಂದಲೂ ಮರೆಮಾಡುತ್ತದೆ. ಮರಿ ಹೊರಬಂದಾಗ ಕೆಳಗಿನ ನೀರಿಗೆ ಬೀಳುತ್ತದೆ. ಹಾವಸೆ ದೇಹದೊಳಗೆ ಮಾಡಿಕೊಂಡ ಏರ್ಪಾಡನ್ನು ಈ ಕಪ್ಪೆ ಕೈಕೆಲಸದಿಂದ ಮಾಡಿಕೊಳ್ಳುತ್ತಿದೆ ಎನ್ನಬಹುದು. ಆದರೆ ಆ ಕೈಕೆಲಸಕ್ಕೆ ಹದವಾದ ಕೆಸರು ಬೇಕು, ಕೆಸರಿಗೆ ಹಳ್ಳ ಬೇಕು, ಕೆಳಗೆ ನೀರು ನಿಂತಿರಬೇಕು. ಕೊಂಡಿಗಳ ಸರಣಿ ಉದ್ದವಾದಷ್ಟೂ ಕಡಿಯುವ ಜಾಗಗಳು ಹೆಚ್ಚು.

ಹಳ್ಳ ಎಷ್ಟು ದಿನ ಹರಿಯುತ್ತದೆ ಎಂಬುದು ಆಕಾಶವೊಂದನ್ನೇ ಅವಲಂಬಿಸಿಲ್ಲ. ಜಲಾನಯನದಲ್ಲಿ ಶೇ. 60ಕ್ಕಿಂತ ಹೆಚ್ಚು ಸ್ಥಳೀಯ ಕಾಡಿದ್ದಲ್ಲಿ ತೊರೆಗಳು ವರ್ಷವಿಡೀ ಹರಿಯುತ್ತವೆ, ಶೇ. 30ಕ್ಕಿಂತ ಕಡಿಮೆಯಾದಲ್ಲಿ ಮಳೆ ನಿಂತ ಕೆಲವೇ ತಿಂಗಳಲ್ಲಿ ಬತ್ತುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಬಳಗ ಈ ಭಾಗದ ನದಿಗಳ ಅಧ್ಯಯನದಿಂದ ತೋರಿಸಿದೆ. ಅದೇ ಬಳಗದ ಲೆಕ್ಕದಂತೆ ಜಿಲ್ಲೆಯ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು 1973ರಲ್ಲಿ ಜಿಲ್ಲೆಯ ವಿಸ್ತೀರ್ಣದ ಶೇ. 67ರಷ್ಟಿದ್ದದ್ದು 2013ರ ಹೊತ್ತಿಗೆ ಶೇ. 32ಕ್ಕೆ ಇಳಿದಿತ್ತು. ಅಜ್ಜನ ಕಾಲದಲ್ಲಿ ಯುಗಾದಿವರೆಗೂ ತೋಟಕ್ಕೆ ಬರುತ್ತಿದ್ದ ಅಬ್ಬಿ ನೀರು ಈಗ ಶಿವರಾತ್ರಿಗೇ ನಿಲ್ಲುತ್ತದೆ ಎಂದು ಶಿರಸಿ ಸೀಮೆಯ ಬೆಳೆಗಾರರು ಹೇಳುವುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು. ಆ ನಿಂತ ನೀರಿನ ಜಾಗಕ್ಕೆ ಬೋರ್‌ವೆಲ್ ಬಂದಿದೆ, ಅಡಿಕೆ ಬದುಕಿದೆ. ಹಳ್ಳದ ಕಪ್ಪೆಗೆ ಬೋರ್‌ವೆಲ್ ಇಲ್ಲ.

ಚರ್ಮದಿಂದ ಕುಡಿಯುವ ಎರಡು ಜೀವಿಗಳು ವಿಷವನ್ನು ಎದುರಿಸುವ ಬಗೆಯಲ್ಲೂ ಇದೇ ಅಂತರವಿದೆ. ಹಾವಸೆ ಗಾಳಿಯ ಲೋಹಗಳನ್ನು ಮೈಗೆ ಹೀರಿ ಇಟ್ಟುಕೊಳ್ಳುತ್ತದೆ, ಸಾಯುವುದು ಅಪರೂಪ; ಆದ್ದರಿಂದಲೇ ಯುರೋಪಿನಲ್ಲಿ 1990ರಿಂದ ಐದು ವರ್ಷಕ್ಕೊಮ್ಮೆ ಹಾವಸೆಯನ್ನು ಸಂಗ್ರಹಿಸಿ ವಾಯುಮಾಲಿನ್ಯ ಅಳೆಯುತ್ತಾರೆ. ನಮ್ಮಲ್ಲಿ ಕೊಳೆರೋಗ ತಡೆಯಲು ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ಗೊನೆಗಳಿಗೆ ತಾಮ್ರದ ಲವಣವಾದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮದ್ದು ಸಿಡಿದ ಮರದ ಬುಡದಲ್ಲಿ, ಕಾಲುವೆಯ ಕಲ್ಲಿನಲ್ಲಿ ಹಾವಸೆ ಮುಂದಿನ ವರ್ಷವೂ ಇರುತ್ತದೆ. ನೀರಿಗಿಳಿದ ತಾಮ್ರ ಗೊದಮೊಟ್ಟೆಗೆ ವಿಷ, ಮದ್ದು ಹೊಡೆಯುವ ವಾರಗಳೂ ಕಪ್ಪೆ ಮೊಟ್ಟೆಯಿಡುವ ವಾರಗಳೂ ಹೆಚ್ಚುಕಡಿಮೆ ಒಂದೇ. ಇದನ್ನು ಬೆಳೆಗಾರರ ಮೇಲಿನ ದೂರು ಎಂದು ಓದಬೇಕಾಗಿಲ್ಲ. ಕೊಳೆಗೆ ಮದ್ದು ಬಿಟ್ಟು, ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಬೇರೆ ಕೆಲಸ ಹೇಳಿ ಎನ್ನುವ ಧೈರ್ಯ ಅಡಿಕೆಯಿಂದಲೇ ಉಂಡು ಬೆಳೆದ ನನಗಂತೂ ಇಲ್ಲ. ದ್ರಾವಣ ಕಲಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದಿರುವುದು ಮಾತ್ರ ಎಲ್ಲರ ಕೈಲಾದೀತು.

ಹರಡುವ ವಿಷಯದಲ್ಲಂತೂ ಪೈಪೋಟಿಯೇ ಇಲ್ಲ. ಹಾವಸೆಯ ಬೀಜಕಣ ಗಾಳಿಯಲ್ಲಿ ತೇಲಿ ಹೋಗುತ್ತದೆ, ಮುರಿದ ಎಲೆಯ ಚೂರೂ ಚಿಗುರುತ್ತದೆ. ಹಯೋಫಿಲಾ ನಕ್ಷತ್ರಾಕಾರದ ಪುಟ್ಟ ಮೊಗ್ಗುಗಳನ್ನು ಉದುರಿಸಿ ಗಂಡು ಹೆಣ್ಣಿನ ಹಂಗಿಲ್ಲದೆಯೇ ಹಬ್ಬುತ್ತದೆ. ಕಪ್ಪೆ ಮಳೆಯ ರಾತ್ರಿ ರಸ್ತೆ ದಾಟಬೇಕು.

ಇಷ್ಟರಿಂದ ಹಾವಸೆಗಳೆಲ್ಲ ಕ್ಷೇಮ ಎಂದು ತಿಳಿದರೆ ತಪ್ಪಾಗುತ್ತದೆ. ಯುರೋಪಿನಲ್ಲಿ ಲೆಕ್ಕ ಮಾಡಿದಾಗ ಹಾವಸೆ ಸಸ್ಯಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚು ಅಪಾಯದಲ್ಲಿರುವುದು ಗೊತ್ತಾಯಿತು. ಕಾನಿನ ನೆರಳಲ್ಲಿ, ತೊಗಟೆಯ ಮೇಲೆ, ಎಲೆಯ ಮೇಲೆ ಮಾತ್ರ ಬೆಳೆಯುವ ಹಾವಸೆಗಳು ಮರ ಬಿದ್ದ ದಿನವೇ ಹೋಗುತ್ತವೆ, ಅವು ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಅವುಗಳ ಜಾಗವನ್ನು ಹಯೋಫಿಲಾದಂಥ ಗಟ್ಟಿಗರು ತುಂಬುತ್ತಾರೆ, ಹಸಿರು ಅಷ್ಟೇ ಇರುತ್ತದೆ. ಸಾಮಾನ್ಯ ಹಾವಸೆ ನಮ್ಮನ್ನು ಏಮಾರಿಸುವುದು ಇಲ್ಲೇ.

ಇದು ಬರಿಯ ಸಸ್ಯಶಾಸ್ತ್ರದ ಸಂಗತಿಯಲ್ಲ, ಆಡಳಿತದ್ದೂ ಹೌದು. ದೇಶದ ಅರಣ್ಯ ಸಮೀಕ್ಷೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಮರಗಳ ನೆರಳು ಶೇ. 10ನ್ನು ಮೀರಿದ ಯಾವುದೇ ನೆಲವನ್ನು, ಜಾತಿ ಯಾವುದೆಂದು ನೋಡದೆ, ಅರಣ್ಯಾವರಣದ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಕೇಶಿಯಾ ನೆಡುತೋಪೂ ಕತ್ತಲೆಕಾನೂ ಆ ಲೆಕ್ಕದಲ್ಲಿ ಹಸಿರೇ. ಯೋಜನೆಗಳ ಪರಿಸರ ಪರಿಣಾಮದ ವರದಿಗಳ ಕಥೆ ಇನ್ನೂ ವಿಚಿತ್ರ. ರಸ್ತೆ, ಗಣಿಗಳಂಥ ಅನೇಕ ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಒಂದು ಋತುವಿನ ಮಾಹಿತಿ ಸಂಗ್ರಹಿಸಿದರೆ ಸಾಕೆಂಬುದು ರೂಢಿ. ಜನವರಿಯಲ್ಲಿ ಕಾಡಿಗೆ ಹೋದವರಿಗೆ ಮರಗಪ್ಪೆ ಕೇಳಿಸುವುದಿಲ್ಲ, ಗೊದಮೊಟ್ಟೆ ಕಾಣುವುದಿಲ್ಲ. ಕಾಣದ್ದನ್ನು ಇಲ್ಲವೆಂದು ಬರೆಯುತ್ತಾರೆ. ಬೇಡ್ತಿ–ವರದಾ ನದಿಗಳ ಜೋಡಣೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ, ಘಟ್ಟದ ರಸ್ತೆಗಳ ಅಗಲೀಕರಣ ಇವುಗಳ ಚರ್ಚೆಯಲ್ಲಿ ಎಷ್ಟು ಮರ ಕಡಿಯುತ್ತಾರೆ, ಎಷ್ಟು ನೆಡುತ್ತಾರೆ ಎಂಬ ಲೆಕ್ಕವೇ ಮುಂದಿರುತ್ತದೆ. ಕೇಳಬೇಕಾದದ್ದು ಇಂಥ ಹಳ್ಳ ಈಗ ಯಾವ ತಿಂಗಳವರೆಗೆ ಹರಿಯುತ್ತಿದೆ, ಕೆಲಸ ಮುಗಿದ ಮೇಲೆ ಯಾವ ತಿಂಗಳವರೆಗೆ ಹರಿದೀತು ಎಂಬುದು. ಅದನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಊರಿನವರ ಬಳಿ ಒಂದು ನೋಟ್‌ಬುಕ್, ಮೊದಲ ಮಳೆಯ ಹತ್ತು ರಾತ್ರಿ ದನಿ ಮುದ್ರಿಸಲು ಒಂದು ಮೊಬೈಲ್ ಇದ್ದರೆ ಆಯಿತು.

2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದ ಮೇಲೆ, ಧರೆಗಳಿಗೆ ಭದ್ರವಾದ ತಡೆಗೋಡೆ ಬೇಡ ಎಂದು ಈ ಜಿಲ್ಲೆಯಲ್ಲಿ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಗೋಡೆಯ ಹಿಂದೆ ನೀರು ಒತ್ತದಂತೆ ಸಾಲಾಗಿ ಪೈಪು ಕೂರಿಸುತ್ತಾರೆ, ಅದು ಸರಿಯಾದ ಎಂಜಿನಿಯರಿಂಗ್. ಹಿಂದೆ ಇಡೀ ಬಂಡೆಯ ಮೇಲೆ ಪೊರೆಯಾಗಿ ಇಳಿಯುತ್ತಿದ್ದ ಒಸರು ಈಗ ಆ ಪೈಪುಗಳ ಬಾಯಿಂದ ಧಾರೆಯಾಗಿ ಚರಂಡಿಗೆ ಬೀಳುತ್ತದೆ. ನಾನು ಪ್ರತಿವರ್ಷ ನಿಲ್ಲುತ್ತಿದ್ದ ಧರೆಗೂ ಅಂಥ ಗೋಡೆ ಬಂದಿದೆ. ಎರಡನೆಯ ಮಳೆಗಾಲಕ್ಕೇ ಪೈಪುಗಳ ಸುತ್ತ ಹಾವಸೆ ಹಿಡಿದಿತ್ತು. ಮೂರನೆಯದಕ್ಕೆ ಗೋಡೆಯ ಕೆಳಗಿನ ಅರ್ಧ ಹಸಿರಾಗಿ, ದೂರದಿಂದ ನೋಡಿದರೆ ಹಳೆಯ ಬಂಡೆಯೇ ಎನ್ನುವಂತಾಗಿತ್ತು. ರಾತ್ರಿ ಟಾರ್ಚ್ ಹಾಕಿ ಅರ್ಧ ಗಂಟೆ ಹುಡುಕಿದೆ. ಬೆರಳಿಟ್ಟಲ್ಲಿ ಹಾವಸೆ ಒದ್ದೆಯಿತ್ತು, ಮಿಸುಕುವಂಥದ್ದು ಯಾವುದೂ ಇರಲಿಲ್ಲ.